ಕೊಳ್ಳುವವನ ಕೊರಳು

2023ರ ಅಕ್ಟೋಬರ್ ತಿಂಗಳ ಉತ್ತರಾರ್ಧದಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಪ್ರಸಂಗವೊಂದು, ವನ್ಯಜೀವಿಗಳ ಅಕ್ರಮ ವ್ಯಾಪಾರವನ್ನು ಕುರಿತು ಚಿಂತಿಸುವವರು ಸುಲಭವಾಗಿ ಮರೆಯತಕ್ಕುದಲ್ಲ. ಕಿರುತೆರೆಯ ಜನಪ್ರಿಯ ರಿಯಾಲಿಟಿ ಶೋ ಒಂದರ ಸ್ಪರ್ಧಿಯೊಬ್ಬರು ಕೊರಳಿನಲ್ಲಿ ಹುಲಿಯುಗುರಿನ ಪದಕವನ್ನು ಧರಿಸಿ ಕ್ಯಾಮೆರಾದೆದುರು ಕಾಣಿಸಿಕೊಂಡರೆಂದು ದೂರು ಬಂದುದೇ ತಡ, ಅರಣ್ಯ ಇಲಾಖೆಯ ಅಧಿಕಾರಿಗಳು ಆ ಕಾರ್ಯಕ್ರಮ ನಡೆಯುತ್ತಿದ್ದ ಸ್ಥಳಕ್ಕೇ ಹೋಗಿ ಪದಕವನ್ನು ವಶಪಡಿಸಿಕೊಂಡು ಅವರನ್ನು ಬಂಧಿಸಿದರು. ಆ ಬಳಿಕ ಜನರು ಸುಮ್ಮನಿರಲಿಲ್ಲ. ಪ್ರಸಿದ್ಧರಾದವರ ಹಳೆಯ ಭಾವಚಿತ್ರಗಳನ್ನೆಲ್ಲ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, ಯಾರ ಯಾರ ಎದೆಯ ಮೇಲೆ ಉಗುರು ತೂಗುತ್ತಿದೆಯೆಂದು ಪಟ್ಟಿಮಾಡತೊಡಗಿದರು. ಇಲಾಖೆಯವರು ಹಲವರ ಮನೆಬಾಗಿಲನ್ನು ತಟ್ಟಬೇಕಾಯಿತು. ಆಗ ಹೊರಬಿದ್ದ ಸಮಜಾಯಿಷಿಗಳೇ ಇಲ್ಲಿ ಗಮನಾರ್ಹವಾದುವು. ನಿನ್ನೆಯವರೆಗೆ ಅಸಲಿಯೆಂದು ಎಲ್ಲರೂ ನಂಬಲೆಂದೇ ಧರಿಸುತ್ತಿದ್ದ ಆಭರಣವನ್ನು ಇಂದು ನಕಲಿಯೆಂದೂ ಪ್ಲಾಸ್ಟಿಕ್ಕಿನದೆಂದೂ ಯಾರೋ ಕೊಟ್ಟ ಉಡುಗೊರೆಯೆಂದೂ ಸಾರಿ ಹೇಳುವುದೇ ಮಾನವಾಯಿತು. ಒಂದೇ ವಾರದೊಳಗೆ ಒಂದು ಪದಾರ್ಥದ ಬೆಲೆಯು ಹೀಗೆ ತಲೆಕೆಳಗಾದುದನ್ನು ನೋಡಿದವರಿಗೆ, ಆ ಬೆಲೆಯು ಉಗುರಿನಲ್ಲಿ ಇದ್ದುದಲ್ಲ, ನೋಡುವವರ ಕಣ್ಣಿನಲ್ಲಿ ಇದ್ದುದೆಂಬುದು ಸ್ಪಷ್ಟವಾಗಿರಬೇಕು.

ಹುಲಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕುನಾಲ್ಕು, ಒಟ್ಟು 18 ಉಗುರುಗಳು. ಒಂದೇ ಉಗುರಾದರೆ ಅದರ ಬುಡಕ್ಕೆ ಚಿನ್ನದ ಕಟ್ಟು ಹಾಕಿಸಿ ಸರಕ್ಕೆ ತೂಗಿಸುತ್ತಾರೆ. ಜೋಡಿಯಾದರೆ ಎರಡರ ಬುಡಗಳನ್ನೂ ಎದುರುಬದುರಾಗಿ ಕೂಡಿಸಿ, ನಡುವೆ ಚಿನ್ನದ ಕುಸುರಿಯನ್ನು ಮಾಡಿಸಿ, ಅರ್ಧಚಂದ್ರಾಕೃತಿಯ ಪದಕವಾಗಿಸುತ್ತಾರೆ. ಹಿಂದೆ ಕೂಸುಗಳ ಕೊರಳಿಗೆ ಇದನ್ನು ಕಟ್ಟುತ್ತಿದ್ದುದು ಬಾಲಗ್ರಹ, ಬೆಚ್ಚು, ಕೆಟ್ಟದೃಷ್ಟಿಗಳಿಂದ ರಕ್ಷಣೆಯಾಗಲೆಂದು. ಗೌಡಿಕೆ, ಜಮೀನುದಾರಿಕೆಗಳ ಮನೆತನಗಳಲ್ಲಿ ಇದು ಅಜ್ಜನಿಂದ ಮೊಮ್ಮಗನಿಗೆ ಬರುತ್ತಿದ್ದ ವಂಶದ ಗುರುತೂ ಆಗಿದ್ದಿತು. ಈಗ ಆ ರಕ್ಷಣೆಯ ಭಾವನೆ ಬಹುಮಟ್ಟಿಗೆ ಹಿಂದೆ ಸರಿದು, ಗತ್ತಿನ ಭಾವನೆಯೊಂದೇ ಮುಂದೆ ಬಂದಿದೆ. ಅಂಗಿಯ ಮೇಲಿನ ಎರಡು ಗುಂಡಿಗಳನ್ನು ಬಿಚ್ಚಿಕೊಂಡು ಓಡಾಡುವ ತರುಣನ ಎದೆಯ ಮೇಲಿರುವ ಉಗುರು ಯಾವ ಗ್ರಹವನ್ನೂ ಓಡಿಸಲೆಂದು ಅಲ್ಲಿ ಕುಳಿತಿಲ್ಲ. ಪೇಟೆಯಲ್ಲಿ ಹುಲಿಯುಗುರೆಂದು ಮಾರಾಟವಾಗುವುದರಲ್ಲಿ ದನದ ಕೊಂಬನ್ನು ತೇದು ಬಗ್ಗಿಸಿ ಮಾಡಿದ್ದು, ಪ್ಲಾಸ್ಟಿಕ್ಕನ್ನು ಎರಕ ಹೊಯ್ದದ್ದು ಬೇಕಾದಷ್ಟಿದೆ. ಕೊಳ್ಳುವವನು ಅಸಲಿಯೆಂದೇ ನಂಬಿ ಅಸಲಿಯ ಬೆಲೆಯನ್ನೇ ತೆರುತ್ತಾನೆ. ಅವನಿಗೆ ಮೋಸವಾಯಿತೆಂದು ಮರುಗಬೇಕಾದ ಕಾರಣವಿಲ್ಲವಾದರೂ, ಆ ಬೆಲೆಯ ಸುದ್ದಿಯು ಕಾಡಂಚಿನಲ್ಲಿ ಉರುಳು ಹಾಕುವವನ ಕಿವಿಗೆ ಬೀಳುತ್ತದೆಂಬುದನ್ನು ಮರೆಯಬಾರದು.

ಕಾನೂನು ಇಲ್ಲವೆಂದು ಯಾರೂ ಹೇಳಲಾರರು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಹುಲಿಯನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿದೆ. ಅದರ ಅಂಗಾಂಗಗಳನ್ನು ಅನಧಿಕೃತವಾಗಿ ಇಟ್ಟುಕೊಂಡವನಿಗೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸವುಂಟು. 2022ರ ತಿದ್ದುಪಡಿಯು ದಂಡದ ಮೊತ್ತವನ್ನೂ ಏರಿಸಿತು. ಈ ಶಾಸನವಿಲ್ಲದಿದ್ದರೆ 2022ರ ಗಣತಿಯಲ್ಲಿ ಕರ್ನಾಟಕದ ಪಾಲಿಗೆ 563 ಹುಲಿಗಳು ದೊರೆಯುತ್ತಿದ್ದುವೆಂದು ನಾನು ನಂಬಲಾರೆ. ಆದಾಗ್ಯೂ ಶಾಸನದ ಕೈ ಸಾಮಾನ್ಯವಾಗಿ ತಲಪುವುದು ಉರುಳು ಹಾಕಿದ ಬಡವನನ್ನು, ಚೀಲ ಹೊತ್ತು ಬಸ್ಸು ಹತ್ತಿದ ಮಧ್ಯವರ್ತಿಯನ್ನು. ದುಡ್ಡು ಕೊಟ್ಟು ತರಿಸಿಕೊಂಡವನ ಪಡಸಾಲೆಯವರೆಗೆ ಅದು ಬರುವುದು ಅಪರೂಪ. ಬಂದಾಗಲೂ ಅದು ಹುಟ್ಟಿಸುವುದು ಭಯವನ್ನು. ಭಯಕ್ಕೆ ಆಯುಸ್ಸು ಕಡಿಮೆ. 2023ರ ಆ ಕೋಲಾಹಲದ ಕಾಲದಲ್ಲಿ ಕೊರಳಿನಿಂದ ಇಳಿದ ಪದಕಗಳೆಲ್ಲ ಇಲಾಖೆಯ ಕಚೇರಿಗೆ ಹೋದುವೆಂದು ಭಾವಿಸುವಷ್ಟು ಮುಗ್ಧರು ನಾವಲ್ಲ. ಬೀರುವಿನ ಒಳಖಾನೆಯನ್ನು ಸೇರಿದುವೇ ಹೆಚ್ಚು.

ಹಾಗಾದರೆ ಇಂಥ ಹಂಬಲಗಳು ಎಂದಿಗೂ ಸಾಯುವುದಿಲ್ಲವೋ ಎಂದರೆ, ಸತ್ತುದಕ್ಕೆ ದೃಷ್ಟಾಂತವು ನಮ್ಮ ಮೈಸೂರಿನಲ್ಲಿಯೇ ಇದೆ. ಇಪ್ಪತ್ತನೆಯ ಶತಮಾನದ ಆದಿಭಾಗದಿಂದ 1999ರ ವರೆಗೆ ಅಲ್ಲಿ ನಡೆದ ವ್ಯಾನ್ ಇಂಗೆನ್ ಕಾರ್ಖಾನೆಯು, ಮಹಾರಾಜರೂ ವೈಸರಾಯರೂ ಶಿಕಾರಿಯ ದೊರೆಗಳೂ ಕೊಂದ ಹುಲಿ ಚಿರತೆಗಳನ್ನು ಸಾವಿರಗಟ್ಟಲೆಯಾಗಿ ಹದಮಾಡಿ, ಗರ್ಜಿಸುವ ಮುಖಮುದ್ರೆಯನ್ನು ಕೊಟ್ಟು, ದೇಶದೇಶಗಳ ದಿವಾನಖಾನೆಗಳಿಗೆ ಕಳುಹಿಸುತ್ತಿದ್ದಿತು. ಆ ಕಾಲದಲ್ಲಿ ಗೋಡೆಯ ಮೇಲೆ ಹುಲಿಯ ತಲೆಯಿಲ್ಲದ ದೊಡ್ಡ ಮನೆಯು ದೊಡ್ಡ ಮನೆಯೆಂದೇ ಎನಿಸಿಕೊಳ್ಳುತ್ತಿರಲಿಲ್ಲ. 1970ರಲ್ಲಿ ಹುಲಿಬೇಟೆಯ ನಿಷೇಧ, 1972ರಲ್ಲಿ ಅಧಿನಿಯಮ, 1973ರಲ್ಲಿ ಬಂಡೀಪುರವೂ ಸೇರಿದಂತೆ ಒಂಬತ್ತು ಕಾಡುಗಳಲ್ಲಿ ಹುಲಿ ಯೋಜನೆ, ಇವು ಒಂದರ ಹಿಂದೊಂದು ಬಂದುದು ನಿಜ. ಆದರೆ ಇಂದು ಹೊಸದಾಗಿ ಬಂಗಲೆ ಕಟ್ಟಿಸಿದ ಧನವಂತನು ಗೋಡೆಗೆ ಹುಲಿಯ ತಲೆಯನ್ನು ಬಯಸದಿರುವುದು ಕೇವಲ ಕಾನೂನಿನ ಹೆದರಿಕೆಯಿಂದಲ್ಲ. ಬಂದ ಅತಿಥಿಗಳು ಅದನ್ನು ಮೆಚ್ಚುವುದಿಲ್ಲವೆಂದು ಅವನು ಬಲ್ಲ. ಯಾವ ವರ್ಗದಲ್ಲಿ ಶಿಕಾರಿಯು ಪ್ರತಿಷ್ಠೆಯಾಗಿದ್ದಿತೋ ಆ ವರ್ಗದ ಮಕ್ಕಳೇ ಕ್ಯಾಮೆರಾ ಹಿಡಿದು ಕಬಿನಿಯ ದಂಡೆಯಲ್ಲಿ ಜೀಪು ಹತ್ತಿ ಕುಳಿತರು. ಬಿಟ್ಟ ಪ್ರತಿಷ್ಠೆಗೆ ಪ್ರತಿಯಾಗಿ ಇನ್ನೊಂದು ಪ್ರತಿಷ್ಠೆಯು ದೊರಕಿತು. ಗೋಡೆಯಿಂದ ಹುಲಿ ಇಳಿದರೂ ಕೊರಳಿನಿಂದ ಉಗುರು ಇಳಿಯಲಿಲ್ಲವೇಕೆಂದರೆ, ಉಗುರನ್ನು ಮೆಚ್ಚುವ ಕಣ್ಣುಗಳು ಬೇರೆಯವು. ಅವುಗಳೊಡನೆ ಯಾರೂ ಮಾತನಾಡಲೇ ಇಲ್ಲ.

ಎಲ್ಲ ಕೊಳ್ಳುವವರೂ ಪ್ರತಿಷ್ಠೆಗಾಗಿಯೇ ಕೊಳ್ಳುತ್ತಾರೆಂದು ತಿಳಿದರೆ ಅದೂ ತಪ್ಪಾದೀತು. ಬಯಲುಸೀಮೆಯ ಹೊಲಗಳಲ್ಲಿ ವಾಸಿಸುವ ಮಣ್ಣುಮುಕ್ಕ ಹಾವಿನ ಪಾಡನ್ನು ನೋಡಬೇಕು. ವಿಷವಿಲ್ಲದ, ನಿಧಾನಿಯಾದ, ಇಲಿಗಳನ್ನು ತಿಂದು ರೈತನಿಗೆ ಉಪಕಾರವನ್ನೇ ಮಾಡುವ ಈ ಪ್ರಾಣಿಯ ಬಾಲವು ಮೊಂಡಾಗಿ ತಲೆಯಂತೆಯೇ ಕಾಣುವುದು; ಅಪಾಯ ಬಂದಾಗ ಅದು ತಲೆಯನ್ನು ಸುರುಳಿಯೊಳಗೆ ಮರೆಮಾಡಿ ಬಾಲವನ್ನೇ ಮುಂದೊಡ್ಡುವುದು. ಶತ್ರುವನ್ನು ವಂಚಿಸಲೆಂದು ಪ್ರಕೃತಿ ಕೊಟ್ಟ ಈ ಉಪಾಯವೇ ಅದರ ಪಾಲಿಗೆ ಮೃತ್ಯುವಾಗಿ, ಜನರ ಬಾಯಲ್ಲಿ ಅದು ಎರಡು ತಲೆ ಹಾವಾಯಿತು. ಮನೆಯಲ್ಲಿಟ್ಟುಕೊಂಡರೆ ಲಕ್ಷ್ಮಿ ಒಲಿಯುವಳು, ನಿಧಿ ಇರುವೆಡೆಯನ್ನು ತೋರಿಸುವುದು, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು, ವಿದೇಶದಲ್ಲಿ ಔಷಧಕ್ಕೆ ಬೇಕಂತೆ—ಹೀಗೆ ಒಂದೊಂದು ಬಾಯಿಯಲ್ಲಿ ಒಂದೊಂದು ಕಥೆ. ಆದರೆ ಈ ಹಾವನ್ನು ಕೊನೆಯಲ್ಲಿ ಕೊಂಡು ಉಪಯೋಗಿಸಿ ಐಶ್ವರ್ಯವಂತನಾದ ಒಬ್ಬ ಮನುಷ್ಯನನ್ನು ಕಂಡವರಿಲ್ಲ. ಹೊಲದಲ್ಲಿ ಹಿಡಿದವನು ದಲ್ಲಾಳಿಗೆ, ದಲ್ಲಾಳಿಯು ಮತ್ತೊಬ್ಬ ದಲ್ಲಾಳಿಗೆ, ಅವನು ಪಟ್ಟಣದ ಹೋಟೆಲಿನ ಕೋಣೆಯಲ್ಲಿ ಕಾದಿರುವ ಪಾರ್ಟಿಗೆ—ಈ ಸರಪಣಿಯ ಪ್ರತಿಯೊಂದು ಕೊಂಡಿಯೂ ತನಗಿಂತ ಹೆಚ್ಚು ಬೆಲೆ ಕೊಡುವವನೊಬ್ಬನು ಮುಂದೆ ಇದ್ದಾನೆಂಬ ನಂಬಿಕೆಯ ಮೇಲೆಯೇ ನಿಂತಿದೆ. ಅಕ್ಕಿಕಾಳನ್ನು ಸೆಳೆಯುವುದೆಂದು ನಂಬಿಸಿ ಮಾರುವ 'ರೈಸ್ ಪುಲ್ಲಿಂಗ್' ಚೊಂಬಿನ ಹೆಸರಿನಲ್ಲಿ ನಮ್ಮ ಜನರು ಹಣ ಕಳೆದುಕೊಂಡ ಕಥೆಗೂ ಇದಕ್ಕೂ ಇರುವ ಭೇದವೊಂದೇ: ಚೊಂಬಿಗೆ ಪ್ರಾಣವಿಲ್ಲ.

ಈ ನಂಬಿಕೆಯನ್ನು ಪೋಷಿಸುವವರಲ್ಲಿ ಪತ್ರಿಕೆಗಳವರೂ ಸೇರಿದ್ದಾರೆಂದು ಪತ್ರಿಕೆಯಲ್ಲಿಯೇ ಹೇಳುವುದು ನ್ಯಾಯ. ಪೊಲೀಸರೋ ಅರಣ್ಯಾಧಿಕಾರಿಗಳೋ ಇಂಥ ಹಾವನ್ನು ವಶಪಡಿಸಿಕೊಂಡಾಗ ಮರುದಿನ ಅಚ್ಚಾಗುವ ಶೀರ್ಷಿಕೆಯನ್ನು ಓದುಗರು ಎಷ್ಟು ಸಲ ಕಂಡಿಲ್ಲ! ಹಾವಿನ ಹೆಸರಿಗೆ ಮೊದಲು ಲಕ್ಷವೋ ಕೋಟಿಯೋ ರೂಪಾಯಿಗಳ ಅಂಕಿ ನಿಂತಿರುತ್ತದೆ. ಆ ಅಂಕಿಯನ್ನು ನಿಗದಿ ಮಾಡಿದವರಾರು? ಮಾರುಕಟ್ಟೆಯೇ ಇಲ್ಲದ ಸರಕಿಗೆ ಮಾರುಕಟ್ಟೆಯ ದರವೆಲ್ಲಿಂದ ಬಂದಿತು? ಹಿಡಿಸಿಕೊಂಡ ದಲ್ಲಾಳಿಯು ಹೇಳಿದ ದರವನ್ನು ಠಾಣೆಯಲ್ಲಿ ಬರೆದುಕೊಂಡರು. ಠಾಣೆಯ ಪ್ರಕಟಣೆಯಲ್ಲಿದ್ದುದನ್ನು ವರದಿಗಾರನು ಬರೆದನು. ವರದಿಯನ್ನು ಓದಿದ ಹಳ್ಳಿಯ ನಿರುದ್ಯೋಗಿ ಯುವಕನು ಹೊಲದ ಬದುವನ್ನು ಅಗೆಯತೊಡಗಿದನು. ಜಾಹೀರಾತಿಗೆ ಹಣ ಕೊಡದೆಯೇ ವಂಚಕರಿಗೆ ಇದಕ್ಕಿಂತ ದೊಡ್ಡ ಪ್ರಚಾರವು ದೊರಕಲಾರದು. ಆನೆದಂತದ, ಚಿಪ್ಪುಹಂದಿಯ ಚಿಪ್ಪಿನ, ಹುಲಿಯ ಚರ್ಮದ ಸುದ್ದಿಗಳಿಗೂ ಈ ಮಾತು ಸಲ್ಲುತ್ತದೆ. ಎಷ್ಟು ಜನ ಸಿಕ್ಕಿಬಿದ್ದರು, ಎಷ್ಟು ವರ್ಷ ಶಿಕ್ಷೆಯಾಯಿತು, ಅಥವಾ ಆಗಲೇ ಇಲ್ಲ, ಇವನ್ನು ಬರೆಯಲಿ. ಬೆಲೆಯನ್ನು ಮಾತ್ರ ಬಿಡಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಸಂಪಾದಕರ ಒಂದು ಗೆರೆಯ ಸೂಚನೆ ಸಾಕು.

ನಕ್ಷತ್ರ ಆಮೆಯನ್ನು ಕೊಳ್ಳುವವನು ಬೇರೊಂದು ಬಗೆಯವನು. ಅವನಲ್ಲಿ ಗತ್ತೂ ಇಲ್ಲ, ನಿಧಿಯ ಆಸೆಯೂ ಅಷ್ಟಾಗಿ ಇಲ್ಲ. ಕಪ್ಪು ಚಿಪ್ಪಿನ ಮೇಲೆ ಹಳದಿ ಕಿರಣಗಳನ್ನು ಹರಡಿಕೊಂಡ ಆ ಸಾಧುಪ್ರಾಣಿಯನ್ನು ಅವನು ಪ್ರೀತಿಸುತ್ತಾನೆ, ಮಕ್ಕಳ ಆಟಕ್ಕೆ, ಕೆಲವೊಮ್ಮೆ ಮನೆಯ ವಾಸ್ತುವಿಗೆ ಒಳ್ಳೆಯದೆಂದು ತರುತ್ತಾನೆ. ಕರ್ನಾಟಕ ಆಂಧ್ರಗಳ ಗಡಿಯ ಕುರುಚಲು ಕಾಡುಗಳಿಂದ ಹೆಕ್ಕಿದ ಆಮೆಮರಿಗಳನ್ನು ಸೂಟ್‌ಕೇಸುಗಳಲ್ಲಿ ಒತ್ತೊತ್ತಾಗಿ ತುಂಬಿ ಬೆಂಗಳೂರು, ಚೆನ್ನೈಗಳ ವಿಮಾನ ನಿಲ್ದಾಣಗಳ ಮೂಲಕ ಆಗ್ನೇಯ ಏಷ್ಯಕ್ಕೆ ಸಾಗಿಸುವ ದಂಧೆಯು ಹಳೆಯದು. 2019ರಲ್ಲಿ ಈ ಆಮೆಯನ್ನು ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಿ ಅದರ ಅಂತರರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸಿದರು. ಪ್ರೀತಿಯಿಂದ ಕೊಂಡವನನ್ನು ಕ್ರೂರಿಯೆಂದು ಬೈದರೆ ಅವನು ಕೇಳುವುದಿಲ್ಲ. ಸತ್ತ ಮರಿಗಳನ್ನು ಎಣಿಸಿ ತೆಗೆದಿಟ್ಟ ಆ ಸೂಟ್‌ಕೇಸನ್ನು ಅವನಿಗೆ ತೋರಿಸಬೇಕು. ಇನ್ನು ನರಿಕೊಂಬು, ಉಡದ ಜನನಾಂಗವನ್ನು ಒಣಗಿಸಿ ಅಪರೂಪದ ಬೇರೆಂದು ಮಾರುವ 'ಹತ್ಥಾ ಜೋಡಿ', ವಾಮಾಚಾರಕ್ಕೆಂದು ಹಿಡಿಯುವ ಕಾಡುಪಾಪ—ಇವುಗಳ ಗಿರಾಕಿಯು ಕಷ್ಟದಲ್ಲಿರುವವನು: ಕೋರ್ಟಿನ ವ್ಯಾಜ್ಯ ಬಗೆಹರಿಯದವನು, ಮಗಳಿಗೆ ವರ ಸಿಕ್ಕದವನು. ಅವನು ಅರಣ್ಯ ಇಲಾಖೆಯ ಭಿತ್ತಿಪತ್ರವನ್ನು ಓದುವುದಿಲ್ಲ, ತನ್ನ ಜೋಯಿಸನ ಮಾತನ್ನು ಕೇಳುತ್ತಾನೆ.

ತಿಳಿವಳಿಕೆಯೊಂದು ಬಂದರೆ ಸಾಕು, ಕೊಳ್ಳುವುದು ತಾನಾಗಿ ನಿಲ್ಲುವುದೆಂಬ ಭ್ರಮೆಯನ್ನು ವಿಯೆಟ್ನಾಮಿನ ಅನುಭವವು ಚೆನ್ನಾಗಿ ಒಡೆಯಿತು. ಘೇಂಡಾಮೃಗದ ಕೊಂಬಿನಿಂದ ಗಣ್ಯನೊಬ್ಬನ ಕ್ಯಾನ್ಸರ್ ಗುಣವಾಯಿತೆಂಬ ವದಂತಿಯು ಆ ದೇಶದಲ್ಲಿ ಹಬ್ಬಿದ ಕಾಲದಲ್ಲಿಯೇ ದಕ್ಷಿಣ ಆಫ್ರಿಕದಲ್ಲಿ 2007ರಲ್ಲಿ 13 ಇದ್ದ ಕಳ್ಳಬೇಟೆಯ ಲೆಕ್ಕವು 2014ರಲ್ಲಿ 1,215ಕ್ಕೆ ಏರಿತು. ವಿಯೆಟ್ನಾಮಿನ ಸ್ವಂತ ಕಾಡಿನ ಕೊನೆಯ ಘೇಂಡಾಮೃಗವು 2010ರಲ್ಲಿ ಗುಂಡಿಗೆ ಬಲಿಯಾಯಿತು. ಕೊಂಬೆಂದರೆ ನಮ್ಮ ಉಗುರಿನ ದ್ರವ್ಯವೇ, ಅದರಲ್ಲಿ ಔಷಧವಿಲ್ಲವೆಂದು ಸಾರಿದ್ದಾಯಿತು. ಆದರೆ ಹಾನೊಯ್ ನಗರದ ವರ್ತಕನು ಮೇಲಧಿಕಾರಿಗೆ ಅದನ್ನು ಉಡುಗೊರೆಯಾಗಿ ಕೊಡುತ್ತಿದ್ದುದು ಔಷಧವೆಂದಷ್ಟೇ ಅಲ್ಲ, ದುರ್ಲಭವೆಂದು. ಅದು ನಿಷಿದ್ಧವಾದಷ್ಟೂ ಉಡುಗೊರೆಯ ಘನತೆ ಹೆಚ್ಚುತ್ತಿದ್ದಿತು. ಅದನ್ನು ಮನಗಂಡು 2014ರಲ್ಲಿ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯವರು, ಪ್ರಾಣಿಯ ಶವದ ಚಿತ್ರಗಳನ್ನು ಬದಿಗಿಟ್ಟು, ಪುರುಷನ ಸಾಮರ್ಥ್ಯವು ಅವನೊಳಗಿನ ಸಂಕಲ್ಪದಿಂದ ಬರತಕ್ಕದ್ದೇ ಹೊರತು ಕೊಂಬಿನ ಚೂರಿನಿಂದಲ್ಲವೆಂದು ಉದ್ಯಮಿಗಳನ್ನೇ ಉದ್ದೇಶಿಸಿ ಪ್ರಚಾರವನ್ನು ಆರಂಭಿಸಿದರು. ಅದರ ಫಲವನ್ನು ಅಳೆಯುವುದು ಕಷ್ಟವಾದರೂ ಹಿಡಿದ ದಾರಿ ಸರಿಯಾದುದೆಂದೇ ನನ್ನೆಣಿಕೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಟಿಬೆಟ್ಟಿನ ಕಡೆಗೆ. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು ತಿಳಿದುಬಂದಾಗ ದೇಶವು ತಲ್ಲಣಿಸಿತು. ಅದೇ ವರ್ಷ ಸೆರೆಸಿಕ್ಕ ಕುಖ್ಯಾತ ವ್ಯಾಪಾರಿ ಸಂಸಾರ್ ಚಂದ್, ನೇಪಾಳ ಟಿಬೆಟ್ಟುಗಳ ನಾಲ್ಕೇ ಗಿರಾಕಿಗಳಿಗೆ ತಾನು 470 ಹುಲಿಗಳ ಮತ್ತು 2,130 ಚಿರತೆಗಳ ಚರ್ಮಗಳನ್ನು ಮಾರಿದುದಾಗಿ ಸಿಬಿಐ ವಿಚಾರಣೆಯಲ್ಲಿ ಒಪ್ಪಿಕೊಂಡನೆಂದು ವರದಿಯಾಯಿತು. ಆ ಚರ್ಮಗಳು ಹೋಗುತ್ತಿದ್ದುದೆಲ್ಲಿಗೆ? ಹೊಸದಾಗಿ ಹಣ ಕಂಡ ಟಿಬೆಟ್ಟಿನ ಮನೆತನಗಳು, ಲಿತಾಂಗ್ ಮುಂತಾದೆಡೆಗಳ ಕುದುರೆ ಪಂದ್ಯದ ಹಬ್ಬಗಳಲ್ಲಿ, 'ಚುಪಾ' ಎಂಬ ತಮ್ಮ ನಿಲುವಂಗಿಗೆ ಹುಲಿ, ಚಿರತೆ, ನೀರುನಾಯಿಗಳ ಚರ್ಮದ ಅಗಲವಾದ ಅಂಚನ್ನು ಕಟ್ಟಿಸಿಕೊಂಡು ಮೆರೆಯುತ್ತಿದ್ದುವು. ಭಾರತದ ಮತ್ತು ಬ್ರಿಟನ್ನಿನ ವನ್ಯಜೀವಿ ಸಂಸ್ಥೆಗಳ ತನಿಖೆಗಾರರು ಅಂಥ ಹಬ್ಬಗಳಿಗೇ ಹೋಗಿ ಅದನ್ನು ಚಿತ್ರೀಕರಿಸಿ ತಂದರು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಮಹೋತ್ಸವ ನೆರೆದಿದ್ದಾಗ ದಲಾಯಿ ಲಾಮಾ ಅವರು ಈ ಚರ್ಮಧಾರಣೆಯು ತಮಗೆ ನಾಚಿಕೆ ತಂದಿದೆಯೆಂದು ನೆರೆದ ಭಕ್ತರಿಗೆ ಹೇಳಿದರು. ಅವರು ಯಾವ ದಂಡವನ್ನೂ ವಿಧಿಸಬಲ್ಲವರಾಗಿರಲಿಲ್ಲ. ತಾವು ಯಾವ ದೇಶದ ಜನಕ್ಕೆ ಹೇಳುತ್ತಿದ್ದರೋ ಆ ದೇಶಕ್ಕೆ ಕಾಲಿಡಲೂ ಅವರಿಗೆ ಅವಕಾಶವಿರಲಿಲ್ಲ. ಆದರೂ ಕೆಲವೇ ವಾರಗಳಲ್ಲಿ ಟಿಬೆಟ್ಟಿನ ಊರೂರುಗಳಲ್ಲಿ ಜನರು ಗುಂಪುಗೂಡಿ, ಒಂದೊಂದಕ್ಕೆ ಒಂದು ಕುಟುಂಬದ ವರ್ಷಗಳ ಸಂಪಾದನೆಯನ್ನೇ ತೆತ್ತ ಚರ್ಮಗಳನ್ನು ರಾಶಿ ಹಾಕಿ ಬೆಂಕಿಯಿಟ್ಟರು. ಬೈಲುಕುಪ್ಪೆ, ಮುಂಡಗೋಡುಗಳ ವಸಾಹತುಗಳ ಮೂಲಕ ನಮಗೆ ನೆರೆಹೊರೆಯವರಾದ ಆ ಸಮುದಾಯದ ಈ ಕೃತ್ಯವನ್ನು ಕನ್ನಡ ನಾಡು ಅಷ್ಟಾಗಿ ಗಮನಿಸಲಿಲ್ಲವೆಂಬುದು ಖೇದದ ಸಂಗತಿ. ಹುಲಿಚರ್ಮದ ವ್ಯಾಪಾರವು ಅಲ್ಲಿಗೆ ಮುಗಿಯಲಿಲ್ಲ, ನಿಜ. ಚೀನದ ಇತರ ಶ್ರೀಮಂತರು ಮನೆಯ ಅಲಂಕಾರಕ್ಕೆಂದು ಕೊಳ್ಳತೊಡಗಿದರು. ಟಿಬೆಟ್ಟಿನವರ ಉಡುಪಿನಿಂದ ಮಾತ್ರ ಅದು ಮರೆಯಾಯಿತು. ಅದನ್ನು ಮರೆಮಾಡಿದುದು, ತಾವು ಅತ್ಯಂತ ಗೌರವಿಸುವ ಒಬ್ಬರ ಎದುರಿಗೆ ಆ ಅಂಗಿ ಧರಿಸಿ ನಿಲ್ಲಲಾರೆವೆಂಬ ಲಜ್ಜೆ.

ನಮ್ಮಲ್ಲಿ ಅಂಥ ಮಾತನ್ನು ಆಡಬಲ್ಲವರು ಯಾರು? ಅರಣ್ಯ ಸಚಿವರಲ್ಲ, ಇಲಾಖೆಯ ವರಿಷ್ಠರಲ್ಲ, ಪರಿಸರದ ವಿಷಯವಾಗಿ ಲೇಖನ ಬರೆಯುವ ನಮ್ಮಂಥವರಂತೂ ಅಲ್ಲವೇ ಅಲ್ಲ. ಉಗುರು ಧರಿಸುವ ತರುಣನು ಯಾರನ್ನು ನೋಡಿ ಅದನ್ನು ಧರಿಸಿದನೋ ಅವರೇ, ಅಂದರೆ ತೆರೆಯ ನಾಯಕರು, ಊರಿನ ಯಜಮಾನರು, ಮಠಗಳ ಸ್ವಾಮಿಗಳು ಅದನ್ನು ಕಳಚಿ, ಕಳಚಿದೆನೆಂದು ನಾಲ್ಕು ಜನರೆದುರು ಹೇಳಬೇಕು. 2023ರಲ್ಲಿ ಅವರಿಗೆ ಅಂಥದೊಂದು ಸಂದರ್ಭವು ತಾನಾಗಿ ಒದಗಿಬಂದಿತ್ತು. ನನ್ನದು ನಕಲಿಯೆಂದು ಹೇಳುವ ಬದಲು, ಅಸಲಿಯೋ ನಕಲಿಯೋ, ಇನ್ನು ನಾನು ಇದನ್ನು ಧರಿಸೆನೆಂದು ಒಬ್ಬರಾದರೂ ದೃಢವಾಗಿ ಹೇಳಿದ್ದರೆ ಅದರ ಪರಿಣಾಮ ಎಷ್ಟಾಗುತ್ತಿದ್ದಿತು! ನಕಲಿಯಿಂದ ನಷ್ಟವೇನೆಂದು ಕೆಲವರು ಕೇಳುವುದುಂಟು. ದಕ್ಷಿಣ ಆಫ್ರಿಕದ ಶೆಂಬೆ ಸಂಪ್ರದಾಯದವರು ತಮ್ಮ ಆರಾಧನಾ ನೃತ್ಯಕ್ಕೆ ಧರಿಸುತ್ತಿದ್ದ ಚಿರತೆಯ ಚರ್ಮಕ್ಕೆ ಬದಲಾಗಿ ಪ್ಯಾಂಥೆರಾ ಸಂಸ್ಥೆಯವರು ಕೃತಕ ಚರ್ಮವನ್ನು ಹೊಲಿಸಿ ಹಂಚಿ ಸಫಲರಾದುದು ನಿಜ. ಆದರೆ ಅಲ್ಲಿ ಆಚಾರಕ್ಕೆ ಬೇಕಾಗಿದ್ದುದು ಚರ್ಮದ ನೋಟ. ಎಲ್ಲರೂ ಕೃತಕವನ್ನೇ ಧರಿಸಿದರೆ ಯಾರಿಗೂ ಕೊರತೆಯಿಲ್ಲ. ಇಲ್ಲಿ ಬೇಕಾದುದು 'ಒರಿಜಿನಲ್' ಎಂಬ ಹೆಗ್ಗಳಿಕೆ. ನಕಲಿ ಹೆಚ್ಚಿದಷ್ಟೂ ಅಸಲಿ ಉಳ್ಳವನ ಹೆಮ್ಮೆ ಹೆಚ್ಚುವುದರಿಂದ ನಮ್ಮಲ್ಲಿ ಪ್ಲಾಸ್ಟಿಕ್ಕಿನ ಉಗುರು ಹುಲಿಗೆ ಯಾವ ಉಪಕಾರವನ್ನೂ ಮಾಡಲಾರದು.

ಇದೆಲ್ಲಕ್ಕಿಂತ ಹತ್ತಿರದ ಬಾಗಿಲೊಂದಿದೆ. ಉಗುರು ಯಾರ ಕೈಯಿಂದಲೇ ಬರಲಿ, ಅದು ಆಭರಣವಾಗಬೇಕಾದರೆ ಚಿನ್ನದ ಕೆಲಸದವನ ಕುಲುಮೆಯೆದುರಿಗೆ ಬರಲೇಬೇಕು. ಮಂಡ್ಯದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಚಿನ್ನ ಬೆಳ್ಳಿ ವರ್ತಕರ ಸಂಘಗಳು, ಅಕ್ಕಸಾಲಿಗರ ಸಂಘಗಳು ಇವೆ. ಉಗುರಿಗೆ ಕಟ್ಟು ಹಾಕುವುದಿಲ್ಲವೆಂಬ ಫಲಕವನ್ನು ಅಂಗಡಿಯ ಕನ್ನಡಿಯ ಮೇಲೆ ಅಂಟಿಸಲು ಅವು ಒಪ್ಪಿದರೆ, ಗಿರಾಕಿಯು ಅದನ್ನು ಓದುವುದು ತಾನು ನಂಬುವ ಅಂಗಡಿಯಲ್ಲಿ, ತನ್ನ ಮನೆಯವರ ಎದುರಿಗೆ.

ಹಿರಿಯರಿಂದ ಬಂದ ಪದಕಗಳ ಪ್ರಶ್ನೆ ಉಳಿಯುತ್ತದೆ. 2003ರಲ್ಲಿ ಕೇಂದ್ರ ಸರ್ಕಾರವು ಇಂಥ ವಸ್ತುಗಳನ್ನು ಘೋಷಿಸಲು 180 ದಿನಗಳ ಅವಕಾಶವನ್ನು ಕೊಟ್ಟಿತ್ತು. ಹಳ್ಳಿಯ ಮನೆಗಳಿಗೆ ಆ ಸುದ್ದಿ ಮುಟ್ಟುವಷ್ಟರಲ್ಲಿ ಅವಧಿಯೇ ಮುಗಿದಿತ್ತು. 2024ರ ಆರಂಭದಲ್ಲಿ ನಮ್ಮ ರಾಜ್ಯ ಸರ್ಕಾರವೂ ಒಪ್ಪಿಸಲು ಮೂರು ತಿಂಗಳ ಅವಕಾಶವನ್ನು ಪ್ರಕಟಿಸಿತು. ಮುಂದೆ ಮತ್ತೊಮ್ಮೆ ಅಂಥ ಏರ್ಪಾಟು ಆಗುವುದಾದರೆ, ಅಜ್ಜನ ಪದಕವನ್ನು ತಂದ ಮುದುಕಿಯನ್ನು ಆರೋಪಿಯಂತೆ ನಿಲ್ಲಿಸಿ ಪ್ರಶ್ನಿಸುವ ಕೋಣೆಯಲ್ಲಿ ಅದು ನಡೆಯಬಾರದು. ಗ್ರಾಮಸಭೆಯಲ್ಲಿ, ಊರವರೆದುರು, ರಸೀದಿ ಕೊಟ್ಟು, ಸಾಧ್ಯವಾದರೆ ಒಂದು ಹಾರ ಹಾಕಿ ನಡೆಯಲಿ. ಮತ್ತು ಶಾಸನವು ಅಡ್ಡಬರುವುದಾದರೆ ಅದನ್ನು ತಿದ್ದಿಯಾದರೂ, ಉಗುರನ್ನು ಬಿಡಿಸಿ ಇಲಾಖೆಯವರು ಇಟ್ಟುಕೊಂಡು ಅದರ ಸುತ್ತಲಿನ ಚಿನ್ನವನ್ನು ತೂಕಮಾಡಿ ಮನೆಯವರಿಗೆ ಹಿಂದಿರುಗಿಸಲಿ. ಹುಲಿಯ ಮೇಲಿನ ಮೋಹಕ್ಕಿಂತ ಆ ಎರಡು ಮೂರು ಗ್ರಾಂ ಚಿನ್ನದ ಮೇಲಿನ ಮಮತೆಯಿಂದಲೇ ಪದಕವನ್ನು ಬೀರುವಿನಲ್ಲಿ ಬಚ್ಚಿಟ್ಟುಕೊಂಡಿರುವವರು ನಮ್ಮ ನಡುವೆ ಕಡಿಮೆಯಿರಲಾರರು.